ಇಗುಚಿ ಬೀಳಲಿಲ್ಲ

ನನ್ನ ಕೋಣೆಯ ಗೋಡೆಯುದ್ದಕ್ಕೂ ಒಂದು ಹಲಗೆ, ಅದರ ಮೇಲೆ ಸಾಲಾಗಿ ಮರದ ತಲೆಗಳು. ಕಣ್ಣಿಲ್ಲ, ಬಾಯಿಲ್ಲ, ಮೂಗಿನ ಜಾಗದಲ್ಲಿ ಬಡಗಿ ಉಳಿಸಿದ ಒಂದು ಉಬ್ಬು ಅಷ್ಟೇ. ಆ ತಲೆಗಳ ಮೇಲೆ ವಿಗ್ಗುಗಳು: ಸಾಮುರಾಯಿಯ ಎಣ್ಣೆ ಹಚ್ಚಿದ ಜುಟ್ಟು, ದಾರಿಗಳ್ಳನ ಕೆದರಿದ ಕೂದಲು, ದೊಡ್ಡ ಮನೆಯ ಹೆಂಗಸಿನ ಗೋಪುರದಂಥ ತುರುಬು. ಎಲ್ಲಕ್ಕಿಂತ ಎತ್ತರದಲ್ಲಿ, ತನ್ನದೇ ಪೀಠದ ಮೇಲೆ, ರೇಷ್ಮೆ ಬಟ್ಟೆ ಹೊದ್ದು ಕೂತಿದ್ದದ್ದು ಕುರೊನುಮನ ತಲೆ. ಅಂದರೆ ಅವನ ಅಳತೆಗೆ ಕೆತ್ತಿಸಿದ ಮರದ ತಲೆ. ಜಪಾನಿನ ಮಹಾನಟ, ಮಹಾನಿರ್ದೇಶಕ ಎಂದು ಲೋಕವೆಲ್ಲ ಕೈಮುಗಿದ ಕುರೊನುಮ ಸೆಯಿಜಿರೊ ಅವನೇ. ಅವನ ನಿಜವಾದ ತಲೆಗೂ ಈ ಮರದ ತಲೆಗೂ ಏನು ವ್ಯತ್ಯಾಸವೆಂದು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಮರದ ತಲೆ ಸುಮ್ಮನಿರುತ್ತಿತ್ತು.

ನಾನು ಆ ಸ್ಟುಡಿಯೋದಲ್ಲಿ ನಟರಿಗೆ ವಿಗ್ಗು ಕೂರಿಸುವವಳು. ಊರು ಯಾವುದು, ಇಸವಿ ಯಾವುದು ಎಂದು ಕೇಳಬೇಡಿ. ಆ ಮಹಾಶಯನ ಅಭಿಮಾನಿಗಳು ಇನ್ನೂ ಬದುಕಿದ್ದಾರೆ, ಈ ವಯಸ್ಸಿನಲ್ಲಿ ನನಗೇಕೆ ಅವರ ಸಹವಾಸ. ಸಿನಿಮಾಕ್ಕೆ ಮಾತು ಬಂದಿತ್ತು, ಬಣ್ಣ ಬಂದಿರಲಿಲ್ಲ. ನಮ್ಮೂರಿನಲ್ಲಿ ಒಂದು ನದಿ, ಒಂದು ಸೇತುವೆ, ಒಂದು ಸ್ಟುಡಿಯೋ ಇದ್ದವು. ಊರಿನ ಅರ್ಧ ಜನ ಕತ್ತಿಕಾಳಗದ ಚಿತ್ರಗಳಲ್ಲಿ ಸಾಯುತ್ತಿದ್ದರು, ಉಳಿದರ್ಧ ಜನ ಥಿಯೇಟರಿಗೆ ಹೋಗಿ ಅದನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಕುರೊನುಮನ ಜೀವನಚರಿತ್ರೆಯನ್ನು ದಪ್ಪ ದಪ್ಪ ಪುಸ್ತಕಗಳಾಗಿ ಬರೆದಿದ್ದಾರೆ. ನಾನು ಸಣ್ಣದಾಗಿ ಹೇಳಿ ಮುಗಿಸುತ್ತೇನೆ. ಅಪ್ಪ ಊರವರಿಗೆಲ್ಲ ಸ್ನಾನದ ಮನೆ ನಡೆಸುತ್ತಿದ್ದ. ಮಗನಿಗೆ ಒಲೆಗೆ ಸೌದೆ ಹಾಕು ಎಂದರೆ, ಅವನು ಹೋಗಿ ಕನ್ನಡಿಯ ಮುಂದೆ ನಿಂತು ಹುಬ್ಬು ಏರಿಸುವುದನ್ನು ಅಭ್ಯಾಸ ಮಾಡುತ್ತಿದ್ದ. ನೀರು ತಣ್ಣಗಿದೆ ಎಂದು ಗಿರಾಕಿಗಳು ಬೈದರು, ಅಪ್ಪ ಒದ್ದು ಓಡಿಸಿದ. ಊರೂರು ಸುತ್ತುವ ನಾಟಕ ಕಂಪನಿಯೊಂದನ್ನು ಸೇರಿದ. ರಂಗದ ಮೇಲೆ ಮಾತು ಮರೆಯುತ್ತಾನೆಂದು ಅಲ್ಲಿಂದಲೂ ಅಟ್ಟಿದರು. ಆಗ ಮೂಕಿಚಿತ್ರದ ಕಾಲ. ಮಾತು ಮರೆಯುವವನಿಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೆಲ್ಲಿ? ಸ್ಟುಡಿಯೋದ ಯಜಮಾನ ಅವನ ಹುಬ್ಬಿಗೆ ಮರುಳಾಗಿ ನಾಯಕನ ಪಾತ್ರ ಕೊಟ್ಟುಬಿಟ್ಟ.

ಆಮೇಲೆ ನಡೆದದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಟಾಕಿ ಬಂತು, ಅವನ ಗಂಟಲು ನೋಡಿದರೆ ಕೀರಲು. ಸರಿ, ಒಂದೆರಡು ಚಿಕ್ಕ ಮಾತು ಬಿಟ್ಟು ನಾಯಕನ ಮಾತನ್ನೆಲ್ಲ ಕಿತ್ತುಹಾಕಿದರು. ಪತ್ರಿಕೆಯವರು ‘ಮೌನದ ಸಾಮ್ರಾಟ’ ಎಂದು ಬರೆದರು. ಕಣ್ಣು ಮಂಜಾಯಿತು, ಎದುರಿನವರು ಮೂಗಿನ ಹತ್ತಿರಕ್ಕೆ ಬಂದರಷ್ಟೇ ಕಾಣುತ್ತಿತ್ತು. ಕನ್ನಡಕ ಹಾಕಿದರೆ ಅಂದ ಕೆಡುತ್ತದೆ ಎಂದು ಹಾಕದೆ, ಎಲ್ಲೋ ದೂರಕ್ಕೆ ದೃಷ್ಟಿ ನೆಟ್ಟು ನಿಲ್ಲುತ್ತಿದ್ದ. ‘ಅನಂತವನ್ನು ಕಾಣುವ ಕಣ್ಣು’ ಎಂದರು. ಮಂಡಿ ನೋವು ಬಂದು ಓಡಾಡಲಾರದೆ ನಿಂತಲ್ಲೇ ನಿಂತ. ‘ಪರ್ವತದ ನಿಶ್ಚಲತೆ’ ಎಂದರು. ಕೊನೆಗೆ ನಿರ್ದೇಶಕನಾದ. ಕ್ಯಾಮರಾ ಎಲ್ಲಿಡಬೇಕೆಂದು ತೋಚದೆ ಬೆಳಿಗ್ಗೆ ಇಟ್ಟ ಕಡೆಯೇ ಸಂಜೆಯವರೆಗೂ ಇಟ್ಟುಕೊಂಡಿದ್ದ. ಅದಕ್ಕೆ ‘ಧ್ಯಾನಸ್ಥ ಕ್ಯಾಮರಾ’ ಎಂದು ಹೆಸರಾಯಿತು. ಥೂ! ಈ ಮನುಷ್ಯ ಎಡವಿ ಬಿದ್ದರೂ ನಮಸ್ಕಾರ ಮಾಡಿದ ಎಂದು ಹೊಗಳುವ ಜನ.

ನಿರ್ದೇಶಕನಾದ ಮೇಲೆ ಅವನು ಮಾಡಿದ ಮೊದಲ ಕಾನೂನು: ‘ಕಟ್’ ಎಂಬ ಶಬ್ದ ತನ್ನೊಬ್ಬನ ಬಾಯಿಂದಲೇ ಬರಬೇಕು. ತಾನು ಕ್ಯಾಮರಾದ ಎದುರು ನಟಿಸುತ್ತಿದ್ದರೂ ಸರಿ, ನಿಲ್ಲಿಸುವವನು ತಾನೇ. ಒಮ್ಮೆ ಒಬ್ಬ ನಟನ ತೋಳಿಗೆ ಪಂಜಿನ ಬೆಂಕಿ ಹತ್ತಿಕೊಂಡಾಗ ಸಹಾಯಕ ನಿರ್ದೇಶಕ ತಡೆಯಲಾರದೆ “ಕಟ್, ಕಟ್” ಎಂದು ಕೂಗಿಬಿಟ್ಟ. ಮಾರನೆಯ ದಿನ ಅವನ ಕುರ್ಚಿ ಖಾಲಿ. ಅಂದಿನಿಂದ ಭೂಮಿ ಬಾಯ್ಬಿಟ್ಟರೂ ಕುರೊನುಮನ ಸೆಟ್ಟಿನಲ್ಲಿ ಯಾರೂ ತುಟಿ ಬಿಚ್ಚುತ್ತಿರಲಿಲ್ಲ.

ಇನ್ನು ಇಗುಚಿ ಮತಾಕಿಚಿ. ಇವನನ್ನು ದೇವರಂಥವನು, ಬಡಪಾಯಿ ಎಂದೆಲ್ಲ ನಾನು ಹೇಳಲಾರೆ. ಜಂಬದ ಕೋಳಿ. ನನ್ನ ಬಾಚಣಿಗೆ, ನನ್ನ ಎಣ್ಣೆ, ನನ್ನ ಕನ್ನಡಿ ಎಲ್ಲವನ್ನೂ ತನ್ನದೆಂದೇ ತಿಳಿದಿದ್ದ. ಅವನ ಕೆಲಸ ಸಾಯುವುದು. ಕತ್ತಿಕಾಳಗದ ಚಿತ್ರಗಳಲ್ಲಿ ನಾಯಕನ ಕತ್ತಿಗೆ ಸಿಕ್ಕಿ ಉರುಳುವವರಿಗೆ ನಮ್ಮಲ್ಲಿ ‘ಕಡಿಸಿಕೊಳ್ಳುವವರು’ ಎಂದು ಹೆಸರು. ಇಗುಚಿ ಆ ತಂಡದ ಮೇಸ್ತ್ರಿ. ಅವನು ಸಾಯುವುದನ್ನು ಮಾತ್ರ ನೋಡಬೇಕು! ಕತ್ತಿ ಅವನನ್ನು ಮುಟ್ಟುತ್ತಲೇ ಇರಲಿಲ್ಲ. ಕುರೊನುಮನಿಗೆ ಎದುರಾಳಿ ಎಲ್ಲಿದ್ದಾನೆಂದೇ ಕಾಣುತ್ತಿರಲಿಲ್ಲ, ಗಾಳಿಯಲ್ಲಿ ಸುಮ್ಮನೆ ಬೀಸುತ್ತಿದ್ದ. ಅವನ ಬೀಸನ್ನು ಹುಡುಕಿಕೊಂಡು ಹೋಗಿ ಸಾಯಬೇಕಾದವನು ಇಗುಚಿಯೇ.

ಕಡಿಸಿಕೊಳ್ಳುವವರಿಗೆ ಒಂದು ಸಂಪ್ರದಾಯವಿತ್ತು. ಚಿತ್ರೀಕರಣಕ್ಕೆ ಮೊದಲು ನಾಯಕನ ಮುಂದೆ ಬಗ್ಗಿ, “ಸೆನ್ಸೇ, ಇವತ್ತು ತಮ್ಮ ಕೈಯಲ್ಲಿ ಸಾಯ್ತೀನಿ” ಎನ್ನಬೇಕು. ಸೆನ್ಸೇ ಎಂದರೆ ಗುರುಗಳು. ಮುಗಿದ ಮೇಲೆ ಗುರುಗಳು “ಚೆನ್ನಾಗಿ ಸತ್ತೆ” ಎಂದರೆ ಆ ದಿನ ಸಾರ್ಥಕ. ಕುರೊನುಮನ ಪ್ರಸಿದ್ಧ ಭಂಗಿಯೂ ಇವರ ಸಾವಿನ ಮೇಲೆಯೇ ನಿಂತಿತ್ತು. ಅವನು ಕಡಿಯುತ್ತಿದ್ದ, ತಕ್ಷಣ ಬೆನ್ನು ತಿರುಗಿಸಿ ಕತ್ತಿಯನ್ನು ಒರೆಗೆ ಸೇರಿಸುತ್ತಿದ್ದ, ಹಿಂದಿರುಗಿ ನೋಡುತ್ತಿರಲಿಲ್ಲ. ಹಿಂದೆ ಹೆಣ ಧೊಪ್ಪೆಂದು ಬೀಳುತ್ತಿತ್ತು. ಆ ಸದ್ದು ಕೇಳಿದ ಮೇಲೆ ಒಂದು ಚಿಕ್ಕ ಮಾತು ಆಡುತ್ತಿದ್ದ. ಮಾತು ಆಡಬೇಕಾದ ಹೊತ್ತು ಅವನಿಗೆ ಗೊತ್ತಾಗುತ್ತಿದ್ದದ್ದು ಆ ಧೊಪ್ಪಿನಿಂದಲೇ. ಜನ ಅದನ್ನು ವೈರಾಗ್ಯ ಎಂದುಕೊಂಡಿದ್ದರು.

ಇಷ್ಟೆಲ್ಲ ಸತ್ತರೂ ಇಗುಚಿಯ ಮುಖ ಒಂದು ಚಿತ್ರದಲ್ಲೂ ಕಂಡಿರಲಿಲ್ಲ. ಬೋರಲು ಬೀಳಬೇಕು, ಇಲ್ಲವೇ ಕತ್ತಲಲ್ಲಿ ಬೀಳಬೇಕು. ಕುರೊನುಮ ಇದಕ್ಕೂ ಒಂದು ಸಿದ್ಧಾಂತ ಮಾಡಿದ್ದ. “ಸಾಯೋನ ಮುಖ ಕಂಡ್ರೆ ಜನಕ್ಕೆ ಕನಿಕರ ಬರುತ್ತೆ. ಅವನ ಮೇಲೆ ಕನಿಕರ ಬಂದ್ರೆ ನಾನು ಬರೀ ಕೊಲೆಗಾರ ಆಗ್ಬಿಡ್ತೀನಿ” ಎನ್ನುತ್ತಿದ್ದ. ಅವನು ಬದುಕಿನಲ್ಲಿ ಆಡಿದ ಒಂದೇ ಒಂದು ಸತ್ಯವಾದ ಮಾತು ಅದಿರಬೇಕು.

ಇಗುಚಿಗೆ ಮುಖ ಕಾಣದಿದ್ದರೆ ಏನಂತೆ ಎನ್ನುತ್ತೀರಾ? ಅವನಿಗೆ ಹೆಂಡತಿ ಇರಲಿಲ್ಲ, ಫುಮಿ ಎಂಬ ಒಬ್ಬಳೇ ಮಗಳು. ಸಿನಿಮಾ ನಟರ ಮಗಳು ಎಂದು ಹೇಳಿ ಅವಳನ್ನು ನದಿಯಾಚೆಯ ಛತ್ರಿ ಮಾಡುವವರ ಮನೆಗೆ ಕೊಟ್ಟಿದ್ದರು. ಅವಳ ಅತ್ತೆ ತಾತ್ಸು ಸಿನಿಮಾ ಹುಚ್ಚಿನವಳು, ಒಂದು ಚಿತ್ರವನ್ನೂ ಬಿಟ್ಟವಳಲ್ಲ. ಪ್ರತಿ ಚಿತ್ರ ನೋಡಿ ಬಂದ ಮೇಲೂ ಸೊಸೆಯನ್ನು ನಿಲ್ಲಿಸಿಕೊಂಡು, “ಎಲ್ಲಮ್ಮಾ ನಿಮ್ಮಪ್ಪ? ಅದ್ರಲ್ಲಿ ಬೀದಿನಾಯಿ ಕಾಣ್ಸುತ್ತೆ, ನಿಮ್ಮಪ್ಪ ಕಾಣ್ಸಲ್ಲ” ಎನ್ನುತ್ತಿದ್ದಳು. ಸ್ಟುಡಿಯೋದಲ್ಲಿ ಕಸ ಗುಡಿಸುವವನು ನಟನೆಂದು ಸುಳ್ಳು ಹೇಳಿ ಮಗಳನ್ನು ಕಟ್ಟಿದ ಎಂದು ಬೀದಿಯಲ್ಲೆಲ್ಲ ಗುಲ್ಲಾಯಿತು. ಒಂದು ಸಲ ಇಗುಚಿ ಮಗಳನ್ನು ನೋಡಲು ಹೋದಾಗ ಆ ಹೆಂಗಸು ಹೊಸಿಲಲ್ಲೇ ತಡೆದು, “ಯಾವ ಮುಖ ಇಟ್ಕೊಂಡು ಬಂದ್ರಿ? ಮುಖ ಅನ್ನೋದು ಇದ್ರೆ ಮೊದ್ಲು ಪರದೆ ಮೇಲೆ ತೋರ್ಸಿ, ಆಮೇಲೆ ಈ ಹೊಸಿಲು ತುಳೀರಿ” ಎಂದುಬಿಟ್ಟಳು. ಫುಮಿ ಒಳಗಿನಿಂದ ಅಳುತ್ತಿದ್ದದ್ದು ಕೇಳಿಸಿತಂತೆ. ಅವನು ಅಲ್ಲಿಂದ ನೇರವಾಗಿ ನನ್ನ ಕೋಣೆಗೆ ಬಂದು ಮರದ ತಲೆಗಳ ಮುಂದೆ ಕೂತ.

“ಅಕ್ಕಾ, ನನ್ನ ಮೂಗು ಸರಿಯಾಗಿ ನೋಡಿ ಹೇಳು. ತೋರಿಸಬಾರದಂಥ ಮೂಗಾ ಇದು?” ಎಂದು ಕೇಳಿದ.

“ಮೂಗು ಚೆನ್ನಾಗೇ ಇದೆ. ಗದ್ದ ಒಂಚೂರು ಮೆಟ್ಟಿನ ಥರ ಇದೆ” ಎಂದೆ. ನಗುತ್ತಾನೆಂದುಕೊಂಡಿದ್ದೆ. ಅವನು ನಗಲಿಲ್ಲ, ಕಣ್ಣಲ್ಲಿ ನೀರಿತ್ತು. ಅವನ ಕುತ್ತಿಗೆಗೆ ಅಂಟಿದ್ದ ಬಣ್ಣವನ್ನು ಒರೆಸಿ ಕಳಿಸಿದೆ.

ಹೊಸ ವರ್ಷದ ಔತಣದಲ್ಲಿ ಕುರೊನುಮ ಚೆನ್ನಾಗಿ ಕುಡಿದು, ಔದಾರ್ಯ ಉಕ್ಕಿ, ಎಲ್ಲರೆದುರು ಒಂದು ಘೋಷಣೆ ಮಾಡಿದ. “ನನ್ನ ಮುಂದಿನ ಚಿತ್ರದಲ್ಲಿ ಇಗುಚಿ ಕ್ಯಾಮರಾಕ್ಕೆ ಎದುರಾಗಿ ಸಾಯ್ತಾನೆ. ಹತ್ತಿರದಿಂದ. ಇದು ನನ್ನ ಮಾತು!” ಎಲ್ಲರೂ ಚಪ್ಪಾಳೆ ತಟ್ಟಿದರು. ಇಗುಚಿ ಹಣೆಯನ್ನು ಚಾಪೆಗೆ ಒತ್ತಿ, ಏಳುವುದನ್ನೇ ಮರೆತ. ಮಾರನೆಯ ದಿನ ಫುಮಿಗೆ ಸುದ್ದಿ ಹೋಯಿತು. ಫುಮಿ ಅತ್ತೆಗೆ ಹೇಳಿದಳು. ಅತ್ತೆ ಬೀದಿಗೆಲ್ಲ ಸಾರಿದಳು. “ನೋಡೋಣ, ಚಿತ್ರ ಬರ್ಲಿ. ಮುಖ ಕಂಡ್ರೆ ನಾನೇ ಕೂರ್ಸಿ ಬಡಿಸ್ತೀನಿ. ಕಾಣ್ಲಿಲ್ವೋ, ಇನ್ನು ಅಪ್ಪನ ಹೆಸರು ಈ ಮನೇಲಿ ಎತ್ತಕೂಡದು” ಎಂದಳಂತೆ. ಮಗಳು ಒಪ್ಪಿಕೊಂಡಳು. ಒಪ್ಪದೆ ಪಾಪ ಏನು ಮಾಡಿಯಾಳು?

ಆ ದಿನ ಬಂತು. ಸ್ಟುಡಿಯೋದೊಳಗೆ ಮರದ ಸೇತುವೆ ಕಟ್ಟಿದ್ದರು. ಮೇಲಿನ ಅಟ್ಟದಿಂದ ಕೆಲಸದವರು ಹಿಮವೆಂದು ಉಪ್ಪು ಉದುರಿಸಬೇಕು. ಇಗುಚಿ ಬೆಳಗಾಗುವ ಮೊದಲೇ ನನ್ನ ಬಾಗಿಲಿಗೆ ಬಂದು ನಿಂತಿದ್ದ. ಗಡ್ಡ ಹೆರೆದು ಹೆರೆದು ಕೆನ್ನೆ ಕೆಂಪಾಗಿತ್ತು. ನಾನೂ ಅವತ್ತು ಅವನನ್ನು ಬೈಯಲಿಲ್ಲ. ನಾಯಕನಿಗೆ ಕೂರಿಸುವಷ್ಟು ಅಚ್ಚುಕಟ್ಟಾಗಿ ಜುಟ್ಟು ಕೂರಿಸಿದೆ, ಹಣೆಯ ಅಂಚು ಕಾಣದ ಹಾಗೆ ಮೇಣ ತೀಡಿದೆ. ಅವನು ಕನ್ನಡಿಯಲ್ಲಿ ಎಡಗಡೆ ನೋಡಿಕೊಂಡ, ಬಲಗಡೆ ನೋಡಿಕೊಂಡ. “ಯಾವ ಕಡೆಯಿಂದ ಹೆಚ್ಚು ಲಕ್ಷಣ ಅಕ್ಕಾ?” ಎಂದ. “ಎರಡೂ ಕಡೆ ಒಂದೇ ಪಾಪಿ ಮುಖ, ಏಳು” ಎಂದೆ. ಮಗುವಿನಂತೆ ನಕ್ಕುಬಿಟ್ಟ.

ಸೆಟ್ಟಿಗೆ ಹೋದರೆ ವಸ್ತ್ರಾಲಂಕಾರದವನು ಒಂದು ಬುಟ್ಟಿ ಹಿಡಿದು ನಿಂತಿದ್ದ. ನಮ್ಮಲ್ಲಿ ಕೊಳಲೂದುತ್ತ ಭಿಕ್ಷೆ ಬೇಡುವ ಒಂದು ಪಂಥದ ಸನ್ಯಾಸಿಗಳಿದ್ದರು. ಅವರು ತಲೆಯಿಂದ ಗದ್ದದವರೆಗೂ ಹುಲ್ಲಿನ ಬುಟ್ಟಿ ಕವುಚಿಕೊಂಡು ಓಡಾಡುತ್ತಿದ್ದರು. ಇಗುಚಿಗೆ ಅವತ್ತು ಕೊಟ್ಟದ್ದು ಆ ವೇಷ.

“ಸೆನ್ಸೇ, ಇದೇನಿದು?”

“ಬುಟ್ಟಿ” ಎಂದ ಕುರೊನುಮ.

“ಬುಟ್ಟಿ ಅನ್ನೋದು ಕಾಣುತ್ತೆ ಸೆನ್ಸೇ. ಮುಖ ತೋರಿಸ್ತೀನಿ ಅಂದಿದ್ರಿ...”

“ಕ್ಯಾಮರಾಕ್ಕೆ ಎದುರಾಗಿ ಸಾಯ್ತೀಯ ಅಂದೆ. ಎದುರಾಗೇ ಸಾಯ್ತೀಯ. ಹತ್ತಿರದಿಂದ ಅಂದೆ. ಹತ್ತಿರಾನೇ ಇದೆ ಕ್ಯಾಮರಾ. ನೋಡು ಇಗುಚಿ, ಇದು ಕಲೆ, ನಿನಗೆ ಅರ್ಥ ಆಗಲ್ಲ. ಕಾಣದೇ ಇರೋ ಮುಖ ಇದೆಯಲ್ಲ, ಅದೇ ಎಲ್ಲಕ್ಕಿಂತ ಹೆಚ್ಚು ಕಾಣೋ ಮುಖ.”

ಸುತ್ತ ನಿಂತವರೆಲ್ಲ “ಆಹಾ” ಎಂದರು. ಒಬ್ಬ ಪತ್ರಕರ್ತ ಆ ಮಾತನ್ನು ಬರೆದುಕೊಂಡ. ನನಗೆ ತಡೆಯಲಾಗಲಿಲ್ಲ. “ಹಾಗಾದ್ರೆ ತಮಗೂ ಒಂದು ಬುಟ್ಟಿ ತರಿಸಲಾ ಸೆನ್ಸೇ?” ಎಂದು ಕೇಳಿದೆ. ಅವನು ಕಿವುಡನಂತೆ ನಿಂತು, “ಜುಟ್ಟು ನೆಟ್ಟಗಿದೆಯಾ ನೋಡು” ಎಂದ. ನೋಡಿದೆ. ನೆಟ್ಟಗಿತ್ತು. ಒಳಗಿನ ತಲೆಯೊಂದೇ ಸೊಟ್ಟ.

ಇಗುಚಿ ಬುಟ್ಟಿ ಕವುಚಿಕೊಂಡ. ಒಳಗಿನಿಂದಲೇ ಬಗ್ಗಿ, “ಸೆನ್ಸೇ, ಇವತ್ತು ತಮ್ಮ ಕೈಯಲ್ಲಿ ಸಾಯ್ತೀನಿ” ಎಂದು ಪದ್ಧತಿಯಂತೆ ಹೇಳಿದ. ದೀಪ ಹತ್ತಿದವು. ಉಪ್ಪು ಉದುರತೊಡಗಿತು. ಕುರೊನುಮ ಕತ್ತಿ ಬೀಸಿದ, ಬೆನ್ನು ತಿರುಗಿಸಿದ, ಕ್ಯಾಮರಾ ಕಡೆಗೆ ಮುಖ ಮಾಡಿ ಕತ್ತಿಯನ್ನು ಒರೆಗೆ ಸೇರಿಸಿ ಅನಂತವನ್ನು ನೋಡುತ್ತ ನಿಂತ. ಧೊಪ್ಪೆಂದ ಕೂಡಲೇ ಅವನು ಹೇಳಬೇಕಾಗಿದ್ದದ್ದು ‘ಹಿಮ ನಿಂತಿತು’ ಎಂಬ ಮಾತು.

ಧೊಪ್ಪೆನ್ನಲಿಲ್ಲ.

ಕುರೊನುಮ ಕಾದ. ಅವನ ಹಿಂದೆ ಬುಟ್ಟಿಯ ಸನ್ಯಾಸಿ ನಿಂತೇ ಇದ್ದ. ಸತ್ತಿರಬೇಕಾದವನು, ಕಂಬದ ಹಾಗೆ. ಕ್ಯಾಮರಾದವನು ಬೆವರುತ್ತ ಸಹಾಯಕನ ಕಡೆ ನೋಡಿದ. ಸಹಾಯಕ ತನ್ನ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಕಟ್ ಎನ್ನಬೇಕಾದವನು ಕುರೊನುಮ. ಅವನಿಗೋ, ಸದ್ದು ಬರದ ಹೊರತು ಮುಂದೇನು ಮಾಡಬೇಕೆಂದೇ ಗೊತ್ತಿಲ್ಲ. ನಿಲ್ಲಿಸಿ ಎಂದು ಯಾರೂ ಹೇಳದ್ದರಿಂದ ಅಟ್ಟದ ಮೇಲಿನವರು ಉಪ್ಪು ಸುರಿಯುತ್ತಲೇ ಇದ್ದರು. ಮಹಾನಟನ ಹುಬ್ಬಿನ ಮೇಲೆ ಉಪ್ಪು ಗುಡ್ಡೆಯಾಯಿತು.

ಆಗ ಇಗುಚಿ ನಡೆದು ಬಂದ. ನಿಧಾನವಾಗಿ ಬಂದು ಕುರೊನುಮನ ಪಕ್ಕದಲ್ಲಿ, ಭುಜ ಅವನ ಎದೆಗೆ ತಾಗುವಷ್ಟು ಹತ್ತಿರ, ಕ್ಯಾಮರಾಕ್ಕೆ ನೇರವಾಗಿ ನಿಂತ. ಎರಡೂ ಕೈಯಿಂದ ಬುಟ್ಟಿ ಎತ್ತಿ ತೆಗೆದ. ಅಯ್ಯೋ, ಬುಟ್ಟಿಯ ಜೊತೆ ನಾನು ಅಷ್ಟು ಜೋಪಾನವಾಗಿ ಕೂರಿಸಿದ ವಿಗ್ಗೂ ಸರಿದು ಜುಟ್ಟು ಕಿವಿಯ ಕಡೆ ವಾಲಿಕೊಂಡಿತು! ಅವನು ಅದನ್ನು ಸರಿಮಾಡಿಕೊಳ್ಳಲೂ ಇಲ್ಲ. ಮುಖ ಒಡ್ಡಿ ಸುಮ್ಮನೆ ನಿಂತಿದ್ದ.

ಕುರೊನುಮ ತಿರುಗಿದ. ತಾನು ಕೊಂದವನನ್ನು ಆ ಮನುಷ್ಯ ಹಾಗೆ ತಿರುಗಿ ನೋಡಿದ್ದು ಅದೇ ಮೊದಲು. ಮೂಗಿನ ಹತ್ತಿರವೇ ಇದ್ದದ್ದರಿಂದ ಕಂಡಿತು ಕೂಡ. ಅಷ್ಟು ವರ್ಷ ಏರಿಸಿಟ್ಟಿದ್ದ ಹುಬ್ಬು ಇಳಿಯಿತು. ಬಾಯಿ ತೆರೆದುಕೊಂಡಿತು. ನನ್ನ ಹಲಗೆಯ ಮೇಲಿನ ಮರದ ತಲೆಗೆ ಒಮ್ಮೆಲೇ ಜೀವ ಬಂದು ತನ್ನ ಸ್ಥಿತಿ ಕಂಡು ಹೆದರಿದ್ದರೆ ಹೇಗಿರುತ್ತಿತ್ತೋ ಹಾಗೆ. ಒಲೆ ಆರಿಸಿ ಸಿಕ್ಕಿಬಿದ್ದ ಸ್ನಾನದ ಮನೆಯ ಹುಡುಗನ ಕೀರಲು ಧ್ವನಿಯಲ್ಲಿ ಅವನು, “ಬೀಳಯ್ಯಾ... ದಮ್ಮಯ್ಯ, ಬೀಳಯ್ಯಾ” ಎಂದ. ಇಗುಚಿ ಬೀಳಲಿಲ್ಲ. ರೀಲು ಮುಗಿದು ಕ್ಯಾಮರಾ ತಾನಾಗಿಯೇ ನಿಂತಿತು. ಅದಾದ ಮೇಲೆ ಕುರೊನುಮನಿಗೆ ನೆನಪಾಗಿ, “ಕಟ್” ಎಂದ.

“ಇವತ್ತು ಸಾಯೋಕೆ ಆಗ್ಲಿಲ್ಲ ಸೆನ್ಸೇ. ಕ್ಷಮಿಸ್ಬೇಕು” ಎಂದು ಬಗ್ಗಿ, ಬುಟ್ಟಿಯನ್ನು ಸೇತುವೆಯ ಮೇಲಿಟ್ಟು ಇಗುಚಿ ಹೊರಟುಹೋದ. ಸಂಜೆಯೊಳಗೆ ಅವನನ್ನು ಗೇಟಿನೊಳಗೆ ಬಿಡಬಾರದೆಂದು ಅಪ್ಪಣೆಯಾಯಿತು.

ತೆಗೆದ ರೀಲುಗಳನ್ನು ಸ್ಟುಡಿಯೋದ ಚಿಕ್ಕ ಕೋಣೆಯಲ್ಲಿ ಹಾಕಿ ನೋಡುವಾಗ ನಾನೂ ಇರುತ್ತಿದ್ದೆ, ಹಣೆಯ ಮೇಲೆ ವಿಗ್ಗಿನ ಅಂಚು ಕಾಣುತ್ತದೆಯೇ ಎಂದು ನೋಡುವುದಕ್ಕೆ. ಆ ರೀಲು ಹಾಕಿದರು. ಯಜಮಾನ ಎದ್ದು ನಿಂತ. “ಕುರೊನುಮ ಅವರೇ, ಇಂಥ ನಟನೆ ನಾನು ಎಲ್ಲೂ ನೋಡಿಲ್ಲ” ಎಂದ. ಕುರೊನುಮ ಗಂಟಲು ಸರಿಮಾಡಿಕೊಂಡು, “ಬಹಳ ದಿನದಿಂದ ಮನಸ್ಸಲ್ಲಿತ್ತು” ಎಂದ. ಆಹಾ, ನಾಲಿಗೆಯೇ!

ಆದರೂ ಅವನಿಗೆ ಒಳಗೆ ಸಂಕಟ. ತನ್ನ ಜೀವಮಾನದ ಅತ್ಯುತ್ತಮ ಮುಖದ ಪಕ್ಕದಲ್ಲಿ ಇಗುಚಿಯ ಮೆಟ್ಟು ಗದ್ದ. ಕತ್ತರಿಸಿ ತೆಗೆಯೋಣವೆಂದರೆ ಆ ಭುಜ ಇವನ ಎದೆಯ ಮೇಲೆಯೇ ಇದೆ. ಸೇತುವೆ ಮತ್ತೆ ಕಟ್ಟಿಸಿದ, ಬೇರೊಬ್ಬನನ್ನು ನಿಲ್ಲಿಸಿಕೊಂಡ, ಬೆಚ್ಚಿಬಿದ್ದ ಹಾಗೆ ನಟಿಸಿದ. ಬೆಚ್ಚಿದ ಮುಖ ಮಾಡಲು ಹೋದರೆ ಗಂಟಲಿಗೆ ಮೀನಿನ ಮುಳ್ಳು ಸಿಕ್ಕಿದವನ ಮುಖ ಬರುತ್ತಿತ್ತು. ಮತ್ತೆ ಮಾಡಿದ, ಮತ್ತೆ ಅದೇ ಮುಳ್ಳು. ಕೊನೆಗೆ ಹಲ್ಲು ಕಚ್ಚಿಕೊಂಡು ಇಗುಚಿಯ ಸಮೇತ ಆ ದೃಶ್ಯವನ್ನು ಇಟ್ಟುಕೊಂಡ. ತನ್ನ ಮೇಲಿನ ಮೋಹಕ್ಕೆ ಅವನು ತೆತ್ತ ದಂಡ ಅದೊಂದೇ.

ಚಿತ್ರದ ಹೆಸರು ನಾನು ಹೇಳುವುದಿಲ್ಲ, ಹೇಳಿದರೆ ನೀವೂ “ಓಹೋ ಅದಾ” ಎಂದು ಕಣ್ಣರಳಿಸುತ್ತೀರಿ. ಲೋಕವೇ ಕಣ್ಣರಳಿಸಿತು. ‘ಸಾಯಲೊಲ್ಲದ ಆತ್ಮಸಾಕ್ಷಿಯ ಎದುರು ಕೊಲೆಗಾರನ ಪ್ರಾರ್ಥನೆ’ ಎಂದು ಬರೆದರು. ‘ದಮ್ಮಯ್ಯ ಬೀಳಯ್ಯಾ’ ಎಂಬುದರ ಮೇಲೆ ಪಂಡಿತರು ಉಪನ್ಯಾಸ ಮಾಡಿದರು. ಪರದೇಶದಿಂದ ಬಹುಮಾನ ಬಂತು. ಇಗುಚಿಯ ಹೆಸರು ಎಲ್ಲೂ ಇರಲಿಲ್ಲ, ಗೋಡೆಯ ಮೇಲಿನ ಪೋಸ್ಟರಿನಲ್ಲಂತೂ ಕುರೊನುಮನ ತೆರೆದ ಬಾಯಿಯೊಂದೇ. ಅದನ್ನು ಚಿತ್ರಕಾರ ಬರೆದದ್ದು, ಅಲ್ಲಿ ಭುಜವನ್ನು ಬಿಟ್ಟುಬಿಡುವುದು ಸುಲಭ.

ನಮ್ಮೂರಿಗೆ ಚಿತ್ರ ಬಂದಾಗ ನಾವು ಮಧ್ಯಾಹ್ನದ ಆಟಕ್ಕೆ ಹೋದೆವು. ನಾನು, ಇಗುಚಿ, ಫುಮಿ, ಅವಳ ಅತ್ತೆ ತಾತ್ಸು. ತಾತ್ಸು ಬೀಗರ ಕಡೆ ನೋಡದೆ, ಸೊಸೆಯನ್ನು ನಡುವೆ ಕೂರಿಸಿಕೊಂಡಳು. ಇಗುಚಿ ಒಗೆದ ಬಟ್ಟೆ ಹಾಕಿಕೊಂಡು ಬಂದಿದ್ದ. ಕೆಲಸ ಹೋಗಿತ್ತು, ಜಂಬ ಹೋಗಿರಲಿಲ್ಲ. ಸೇತುವೆಯ ದೃಶ್ಯ ಬಂತು. ಜನ ಅತ್ತರು, ಮೂಗು ಸೀಟಿದರು. ಆಟ ಮುಗಿದು ದೀಪ ಹತ್ತಿದಾಗ ತಾತ್ಸು ಕಣ್ಣೊರೆಸಿಕೊಳ್ಳುತ್ತಿದ್ದಳು.

“ಎಂಥಾ ಮುಖಾ ಕಣೇ ಅದು! ಕುರೊನುಮ ಅಂದ್ರೆ ಕುರೊನುಮನೇ” ಎಂದಳು.

“ಅತ್ತೆ, ಅಪ್ಪನ್ನ ನೋಡಿದ್ರಾ?” ಎಂದು ಫುಮಿ ಮೆಲ್ಲನೆ ಕೇಳಿದಳು.

“ಯಾವಾಗ ಬಂದ್ರು?”

“ಪಕ್ಕದಲ್ಲೇ ಇದ್ರಂತಲ್ಲ, ಆ ಸೇತುವೆ ಮೇಲೆ...”

“ಇದ್ರಂತೆ ಅಂದ್ರೆ? ನೀನು ನೋಡ್ಲಿಲ್ವಾ?”

ಫುಮಿಯ ಮುಖ ಬಿಳಿಚಿಕೊಂಡಿತು. ಅಳು ಬಂತು. ಅವಳೂ ನೋಡಿರಲಿಲ್ಲ. ಹಡೆದ ಅಪ್ಪ ಕಣ್ಣೆದುರು ನಿಂತಿರುವಾಗ ಅವಳ ಕಣ್ಣು ಆ ಇನ್ನೊಬ್ಬನ ಬಾಯಿಯ ಮೇಲೆಯೇ ಅಂಟಿಕೊಂಡಿತ್ತು. ನಾನು ಏನು ನೋಡಿದೆ? ನಾನು ಸರಿದ ಜುಟ್ಟನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ.

“ಅಳಬೇಡ ಮಗಾ” ಎಂದ ಇಗುಚಿ. ಅವನ ಧ್ವನಿಯಲ್ಲಿ ಎಂದಿನ ಠೇಂಕಾರ ಇರಲಿಲ್ಲ. “ನಾನೂ ನೋಡ್ಲಿಲ್ಲ. ನೋಡ್ಬೇಕು ಅಂತಾನೇ ಕೂತಿದ್ದೆ. ಹಾಳಾದ ಕಣ್ಣು ಆ ಬಡ್ಡಿಮಗನ ಕಡೆಗೇ ಹೋಯ್ತು.”

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ! ಮುಖವಿಲ್ಲದ ಮನುಷ್ಯ ಆ ಕುರೊನುಮ, ಹುಬ್ಬು ಬಿಟ್ಟರೆ ಏನೂ ಇಲ್ಲದವನು. ಈ ಇಗುಚಿ ಅನ್ನ ಕಳೆದುಕೊಂಡು ಅವನಿಗೊಂದು ಮುಖ ಮಾಡಿಕೊಟ್ಟ. ಆ ಮುಖವೇ ಇವನದನ್ನು ನುಂಗಿ ಕೂತಿತು. ಥಿಯೇಟರಿನ ಪರದೆಗೆ ಉಗಿದು ಬರೋಣ ಎನಿಸಿತು. ತಾತ್ಸು ಮಾತ್ರ ಸೊಸೆಯನ್ನೂ, ತಲೆ ತಗ್ಗಿಸಿ ಕೂತ ಬೀಗರನ್ನೂ ಬಹಳ ಹೊತ್ತು ನೋಡಿದಳು. ನಾವು ಏಳಲು ಹೊರಟಾಗ, “ಇನ್ನೊಂದಾಟ ಇದೆಯಲ್ಲ, ಕೂತ್ಕೊಳ್ಳಿ” ಎಂದು ಗದರಿದಳು. ಕೂತೆವು.

ಮತ್ತೆ ಸೇತುವೆ ಬಂತು, ಮತ್ತೆ ಉಪ್ಪು ಉದುರಿತು. ಬುಟ್ಟಿ ಮೇಲೇಳುತ್ತಿದ್ದ ಹಾಗೇ ತಾತ್ಸು ಒಂದು ಕಣ್ಣು ಮುಚ್ಚಿ, ತನ್ನ ಛತ್ರಿ ಕೆಲಸದ ಒರಟು ಅಂಗೈಯನ್ನು ಇನ್ನೊಂದು ಕಣ್ಣಿನ ಮುಂದೆ ಹಿಡಿದು, ಪರದೆಯಲ್ಲಿ ಕುರೊನುಮನಿದ್ದ ಅರ್ಧವನ್ನು ಮರೆಮಾಡಿದಳು. ಮೌನದ ಸಾಮ್ರಾಟ ಅವಳ ಅಂಗೈಯ ಹಿಂದೆ ಮಾಯವಾದ. ಅದನ್ನು ನೋಡಿ ಫುಮಿ ಕೈಯೆತ್ತಿದಳು. ನಾನೆತ್ತಿದೆ. ಕೊನೆಗೆ ಇಗುಚಿಯೂ ಎತ್ತಿದ. “ಯಾರ್ರೀ ಅದು, ಕೈ ಇಳಿಸ್ರೀ, ಕುರೊನುಮ ಕಾಣ್ತಿಲ್ಲ!” ಎಂದು ಹಿಂದಿನಿಂದ ಯಾರೋ ಕೂಗಿದರು. ನಾವು ಇಳಿಸಲಿಲ್ಲ. ಪರದೆಯ ಮೇಲೆ ಬೀಳುವ ಹಿಮ, ಕಿವಿಗೆ ವಾಲಿದ ಜುಟ್ಟು, ದಣಿದ ಎರಡು ಕಣ್ಣು, ಹೆರೆದು ನುಣುಪಾದ ಕೆನ್ನೆ, ಯಾವ ನಟನೆಯೂ ಇಲ್ಲದ ಒಂದು ಮುಖ. ಎಲ್ಲೋ ಕೀರಲು ಧ್ವನಿಯೊಂದು ಬೀಳಯ್ಯಾ ಬೀಳಯ್ಯಾ ಎಂದು ಗೋಗರೆಯುತ್ತಿತ್ತು.

“ಅಪ್ಪ” ಎಂದಳು ಫುಮಿ.

ತಾತ್ಸು ಅಂಗೈ ಹಾಗೇ ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ನೋಡಿದಳು. “ಸರಿಯಾಗಿ ಊಟ ಮಾಡಿದ ಮುಖ ಅಲ್ಲ ಕಣೇ ಅದು” ಎಂದಳು ಸೊಸೆಗೆ. “ಮನೆಗೆ ಕರ್ಕೊಂಡು ಬಾ.”

ದೃಶ್ಯ ಮುಗಿಯಿತು. ಸೇತುವೆ ಹೋಗಿ ಹೊಲ ಬಂತು, ಹೊಲದ ಮೇಲೆ ಬೆಳಗಾಯಿತು. ನಾವೆಲ್ಲ ಕೈ ಇಳಿಸಿ ಕೂತೆವು. ಇಗುಚಿ ಮಾತ್ರ ಇಳಿಸಲಿಲ್ಲ. ಒಂದು ಕಣ್ಣು ಮುಚ್ಚಿ, ಅಂಗೈಯನ್ನು ಗಾಳಿಯಲ್ಲಿ ಹಾಗೇ ಹಿಡಿದು, ಬರಿಯ ಹೊಲವನ್ನು ನೋಡುತ್ತಿದ್ದ.